ಮೂರನೇ ಮಹಡಿಯ ಅಧ್ಯಕ್ಷರು

ಸಾಂದಾ ತನ್ನ ಗಂಡನ ಜೊತೆ ಐದು ದಿನದ ಮಟ್ಟಿಗೆ ಬರುತ್ತಾಳೆಂದು ಗೊತ್ತಾದ ದಿನವೇ ದೋಯ್ನಾ ಒಂದು ಪಟ್ಟಿ ಬರೆದಳು. ಪಿಲಾರ್ ಮಾತೆಯ ಇಗರ್ಜಿ, ಅದರ ಗೋಪುರ, ನದಿ ಪಕ್ಕದ, ಹಳೆಯ ಮುಸಲ್ಮಾನ ದೊರೆಗಳ ಅರಮನೆ, ಎಬ್ರೊ ನದಿಯ ಕಲ್ಲುಸೇತುವೆ, ಸಂಜೆ ಹೊತ್ತು ನಿಂತುಕೊಂಡೇ ತಿನ್ನುವ ಪುಟ್ಟ ಅಂಗಡಿಗಳ ಗಲ್ಲಿ. ಬರೆದು ಮುಗಿಸಿದ ಮೇಲೆ ಅವಳಿಗೇ ಮುಜುಗರವಾಯಿತು. ಸ್ಪೇನಿನ ಸರಗೋಸಾಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಅರಮನೆಯನ್ನು ಅವಳು ಬಸ್ಸಿನ ಕಿಟಕಿಯಿಂದ ನೋಡಿದ್ದಳು. ಗೋಪುರ ಹತ್ತಿರಲಿಲ್ಲ. ಇಗರ್ಜಿಗೆ ಪ್ರತಿ ಭಾನುವಾರ ಹೋಗುತ್ತಿದ್ದಳು ನಿಜ. ಆದರೆ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ, ಒಂದೇ ಕಂಬದ ಪಕ್ಕ ನಿಲ್ಲಿಸಿ, ಪ್ರಾರ್ಥನೆ ಮುಗಿದ ಕೂಡಲೇ ತಳ್ಳಿಕೊಂಡು ವಾಪಸು ಬರುವುದಷ್ಟೇ.

ಗಾಲಿಕುರ್ಚಿಯಲ್ಲಿ ಕೂರುತ್ತಿದ್ದವರು ಅಸುನ್ಸಿಯೋನ್ ಅಮ್ಮನವರು, ಅಲ್ಲಿಯ ಮಾತಿನಲ್ಲಿ ದೋನ್ಯಾ ಅಸುನ್ಸಿಯೋನ್. ತೊಂಬತ್ತೊಂದು ವರ್ಷ, ಕಿವಿ ಮಂದ, ನಾಲಿಗೆ ಚುರುಕು. ಆರು ಮಹಡಿಯ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಅವರ ಮನೆ. ಅವರನ್ನು ನೋಡಿಕೊಳ್ಳುತ್ತ ದೋಯ್ನಾ ಅಲ್ಲೇ ಒಂದು ಕೋಣೆಯಲ್ಲಿದ್ದಳು. ಕಟ್ಟಡದವರ ಬಾಯಲ್ಲಿ ಅವಳು 'ಮೂರನೇ ಮಹಡಿಯ ರುಮೇನಿಯಾದ ಹುಡುಗಿ'. ಹುಡುಗಿಗೆ ಐವತ್ತಮೂರು ವರ್ಷ.

ಗೆಳತಿ ಸಾಂದಾ ಬ್ರಾಯ್ಲಾ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ದೋಯ್ನಾಳ ಪಕ್ಕದ ಯಂತ್ರದಲ್ಲೇ ಹದಿನೇಳು ವರ್ಷ ಕೂತಿದ್ದವಳು. ಗಂಡ ಟ್ರಾಯಾನ್ ಆ ಊರಿನ ರೈಲು ನಿಲ್ದಾಣದಲ್ಲಿ ಮೂವತ್ತನಾಲ್ಕು ವರ್ಷ ಕೈಮರ ಎತ್ತಿ ಇಳಿಸಿ ನಿವೃತ್ತನಾದವನು. ಸೋಮವಾರ ಮಧ್ಯಾಹ್ನ ಇಬ್ಬರೂ ಬಂದಿಳಿದರು. ಸಾಂದಾ ಹೊಸ ಬೂಟು ಹಾಕಿಕೊಂಡಿದ್ದಳು. ಟ್ರಾಯಾನ್ ಒಂದು ಡಬ್ಬಿ ತುಂಬ ಎಲೆಕೋಸಿನ ಎಲೆಯಲ್ಲಿ ಸುತ್ತಿದ ಮಾಂಸದ ಉಂಡೆ, ಜೊತೆಗೆ ಎರಡು ಬಾಟಲಿ ಪ್ಲಮ್ ಸಾರಾಯಿ ತಂದಿದ್ದ.

"ನಡಿಯೇ, ಎಲ್ಲಿಂದ ಶುರು?" ಎಂದಳು ಸಾಂದಾ, ಕೋಟು ಕೂಡ ಬಿಚ್ಚದೆ.

"ಇವತ್ತೊಂದಿನ ತಡ್ಕೊಳ್ಳೇ. ಏಳು ಗಂಟೆಗೆ ಕೆಳಗೆ ಕಟ್ಟಡದೋರ ಸಭೆ ಇದೆ. ಮುದುಕಮ್ಮನ ಬದಲಿಗೆ ನಾನು ಹೋಗಿ ಕೂರ್ಬೇಕು. ಅರ್ಧ ಗಂಟೆ ಅಷ್ಟೇ. ಆಮೇಲೆ ದೀಪ ಹಾಕಿರೋ ಇಗರ್ಜಿ ನೋಡೋಣ."

ಏಳಕ್ಕೆ ಐದು ನಿಮಿಷವಿರುವಾಗ ಮುದುಕಮ್ಮ ಮಾತ್ರೆ ನುಂಗುವುದಿಲ್ಲವೆಂದು ಹಟ ಹಿಡಿದರು. ಟ್ರಾಯಾನ್ ಆಗಲೇ ತಲೆ ಬಾಚಿ, ಬಾಗಿಲ ಬಳಿ ನಿಂತು ಗಡಿಯಾರ ನೋಡುತ್ತಿದ್ದ. ಅವನಿಗೆ ಸಭೆಯ ಗೊಡವೆ ಏನೂ ಇರಲಿಲ್ಲ. ಆದರೆ ಏಳು ಎಂದು ಹೇಳಿದ ಮೇಲೆ ಏಳಕ್ಕೆ ಯಾರೂ ಹೊರಡದೆ ಇರುವುದನ್ನು ಅವನ ಮೈ ಒಪ್ಪುತ್ತಿರಲಿಲ್ಲ.

"ನೀವು ಈ ಕಾಗದ ಹಿಡ್ಕೊಂಡು ಇಳೀತಿರಿ, ಬಂದೆ," ಎಂದು ದೋಯ್ನಾ ಮುದುಕಮ್ಮನ ಸಹಿ ಇದ್ದ ಒಪ್ಪಿಗೆ ಪತ್ರವನ್ನು ಅವನ ಕೈಗಿತ್ತಳು. ಅದರಲ್ಲಿ ಪ್ರತಿನಿಧಿಯ ಹೆಸರಿನ ಜಾಗ ಖಾಲಿ ಇತ್ತು.

ಸರಗೋಸಾದಲ್ಲಿ ಏಳಕ್ಕೆ ಕರೆದ ಸಭೆಗೆ ಏಳೂವರೆಗೆ ಮುಂಚೆ ಒಂದು ನರಪಿಳ್ಳೆಯೂ ಬರುವುದಿಲ್ಲ. ನೋಟೀಸಿನಲ್ಲೇ ಎರಡು ವೇಳೆ ಬರೆದಿರುತ್ತಾರೆ, ಮೊದಲನೆಯದು ಕಾನೂನಿಗೆ, ಎರಡನೆಯದು ಜನರಿಗೆ. ಕಟ್ಟಡದ ಕಾಗದಪತ್ರ ನೋಡಿಕೊಳ್ಳುವ ವಕೀಲನೊಬ್ಬ ಮಾತ್ರ ಮೆಟ್ಟಿಲ ಬುಡದ ಹಜಾರದಲ್ಲಿ ಪುಟ್ಟ ಮೇಜು ಹಾಕಿಕೊಂಡು ಕೂತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಏಳು ಗಂಟೆಗೆ ಸರಿಯಾಗಿ ಒಬ್ಬ ಮನುಷ್ಯ, ಸ್ವಂತ ಕುರ್ಚಿ ಹೊತ್ತುಕೊಂಡು, ಪತ್ರ ಹಿಡಿದುಕೊಂಡು ಬಂದದ್ದನ್ನು ನೋಡಿ ಅವನು ಪೆನ್ನು ಕೆಳಗಿಟ್ಟ. ಎದ್ದು ಕೈಕುಲುಕಿದ, ತನ್ನ ಪಕ್ಕದಲ್ಲೇ ಕೂರಿಸಿಕೊಂಡ. ಹೆಸರು ಕೇಳಿ ಖಾಲಿ ಜಾಗದಲ್ಲಿ ಬರೆದುಕೊಂಡ.

ಏಳೂಮುಕ್ಕಾಲಿಗೆ ದೋಯ್ನಾ ಇಳಿದು ಬಂದಾಗ ಹಜಾರದಲ್ಲಿ ಚಪ್ಪಾಳೆ ಬೀಳುತ್ತಿತ್ತು. ಟ್ರಾಯಾನ್ ಎದ್ದು ನಿಂತು ಎಲ್ಲರಿಗೂ ತಲೆ ಬಾಗಿಸುತ್ತಿದ್ದ.

ಆದದ್ದಿಷ್ಟು. ಕಟ್ಟಡದ ಅಧ್ಯಕ್ಷಗಿರಿ ಯಾರಿಗೂ ಬೇಡ. ಅದಕ್ಕೇ ಮಹಡಿ ಮಹಡಿಗೆ ಸರದಿ. ಈ ವರ್ಷ ಮೂರನೇ ಮಹಡಿಯ ಸರದಿ, ಮನೆಯೊಡತಿಗೆ ತೊಂಬತ್ತೊಂದು. ವಕೀಲ "ಅಧ್ಯಕ್ಷರು ಯಾರು?" ಎಂದು ಕೇಳಿದಾಗ ಎಲ್ಲರೂ ತಮ್ಮ ತಮ್ಮ ಪಾದರಕ್ಷೆ ನೋಡಿಕೊಂಡರು. ಆ ಒಂದು ಪದ ರುಮೇನಿಯಾದ ಭಾಷೆಯಲ್ಲೂ ಹೆಚ್ಚುಕಡಿಮೆ ಹಾಗೇ ಇದೆ. ಟ್ರಾಯಾನ್ ತನ್ನ ವಯಸ್ಸಿನ ಬಹುಪಾಲನ್ನು ರೈಲ್ವೆ ಸಂಘದ ಸಭೆಗಳಲ್ಲಿ ಕಳೆದವನು. ಆ ಸಭೆಗಳಲ್ಲಿ ಅಧ್ಯಕ್ಷ ಎಂಬ ಪದ ಕಿವಿಗೆ ಬಿದ್ದರೆ ಒಪ್ಪಿಗೆಯೆಂದು ಕೈ ಮೇಲೆತ್ತಬೇಕು, ಇಲ್ಲವಾದರೆ ಮುಂದಾಗುವುದಕ್ಕೆ ಯಾರೂ ಹೊಣೆಯಲ್ಲ. ಅವನ ಕೈ ತಾನಾಗಿ ಎದ್ದಿತು. ಹಜಾರದಲ್ಲಿದ್ದ ಹದಿಮೂರು ಕೈಗಳು ಅದರ ಹಿಂದೆಯೇ ಎದ್ದವು.

"ಇವ್ರು ಈ ಊರೋರೇ ಅಲ್ಲ!" ಎಂದಳು ದೋಯ್ನಾ. "ಶನಿವಾರ ವಾಪಸು ಹೋಗ್ತಾರೆ! ಸ್ಪ್ಯಾನಿಷ್ ಒಂದಕ್ಷರ ಬರಲ್ಲ!"

"ಇನ್ನೂ ಒಳ್ಳೇದಾಯ್ತಲ್ಲ," ಎಂದರು ನಾಲ್ಕನೇ ಮಹಡಿಯ ದೋನ್ಯಾ ಒರ್ತೆನ್ಸಿಯಾ, ಒಂದು ಕಾಲದ ಪಿಯಾನೋ ಮೇಡಂ. "ಹೋದ ವರ್ಷದೋರಿಗೆ ಚೆನ್ನಾಗಿ ಬರ್ತಿತ್ತು. ಏನಾಯ್ತು ನೋಡಿದ್ವಲ್ಲ."

ಮನೆಯ ಒಡೆಯರೇ ಅಧ್ಯಕ್ಷರಾಗಬೇಕೆಂಬ ಕಾನೂನಿದೆಯೆಂದು ವಕೀಲ ಮೆಲ್ಲಗೆ ಅಂದ. ಹದಿಮೂರು ಜನ ಅವನ ಕಡೆ ತಿರುಗಿದರು. ಅವನು ಪುಸ್ತಕ ಮುಚ್ಚಿದ.

ಸಾಂದಾಗೆ ವಿಷಯ ತಿಳಿದಾಗ ಅವಳು ಮಂಚದ ಮೇಲೆ ಕುಸಿದು ಕೂತಳು. "ಅಲ್ಲ ಮಾರಾಯ, ಹಲ್ಲುಜ್ಜೋ ಬ್ರಷ್ಷೇ ಇನ್ನೂ ಚೀಲದಿಂದ ತೆಗ್ದಿಲ್ಲ, ಅಷ್ಟರಲ್ಲಿ ಅಧ್ಯಕ್ಷ ಆಗ್ಬಿಟ್ಯಾ?"

"ಜನ ಆರಿಸಿದಾರೆ ಕಣೇ," ಎಂದ ಟ್ರಾಯಾನ್, ಗಂಭೀರವಾಗಿ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ಮೂವರೂ ಮುದುಕಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಅರಮನೆಗೆ ಹೊರಟು ನಿಂತಿದ್ದಾಗ, ಬಾಗಿಲ ಗಂಟೆ ಬಾರಿಸಿತು. ಎರಡನೇ ಮಹಡಿಯ ನಿವೃತ್ತ ಔಷಧಿ ಅಂಗಡಿಯವರು, ದೋನ್ ಫೆರ್ಮಿನ್. ಕಂಕುಳಲ್ಲಿ ಬಣ್ಣದ ಬಟ್ಟೆಯ ತುಂಡುಗಳಿದ್ದ ಕಡತ. ಬೀದಿ ಕಡೆಯ ಬಾಲ್ಕನಿಗಳಿಗೆ ಬಿಸಿಲುಮರೆ ಹಾಕಿಸಬೇಕೆಂದು ಹನ್ನೊಂದು ವರ್ಷದಿಂದ ಮಾತಾಗುತ್ತಿತ್ತು. ಫೆರ್ಮಿನ್ ಅವರದು ಹಸಿರು ಪಕ್ಷ. ಒರ್ತೆನ್ಸಿಯಾ ಅವರದು ಇಟ್ಟಿಗೆ ಬಣ್ಣದ ಪಕ್ಷ. ಎರಡೂ ಮಹಡಿಯವರು ಹನ್ನೊಂದು ವರ್ಷದಿಂದ ಒಬ್ಬರನ್ನೊಬ್ಬರು ಲಿಫ್ಟಿನಲ್ಲಿ ಕಂಡರೆ ಮೆಟ್ಟಿಲು ಹತ್ತುತ್ತಿದ್ದರು.

ಫೆರ್ಮಿನ್ ಇಪ್ಪತ್ತು ನಿಮಿಷ ಹಸಿರಿನ ಬಗ್ಗೆ ಮಾತಾಡಿದರು. ಟ್ರಾಯಾನ್ ರೆಪ್ಪೆ ಬಡಿಯದೆ ಕೇಳಿದ. ಕೊನೆಗೆ ದೋಯ್ನಾಳತ್ತ ವಾಲಿ, "ಪಾಪ, ಇವ್ರಿಗೆ ಹಲ್ಲುನೋವು ಅನ್ಸುತ್ತೆ. ಎಡಗಡೆ ಬಾಯಿ ತೆರೀತಾನೇ ಇಲ್ಲ," ಎಂದ.

ಫೆರ್ಮಿನ್ ಕಾತರದಿಂದ ದೋಯ್ನಾಳ ಮುಖ ನೋಡಿದರು. ಇದನ್ನು ಹೇಗೆ ಹೇಳುವುದು?

"ಅಧ್ಯಕ್ಷರು ಯೋಚ್ನೆ ಮಾಡ್ಬೇಕಂತೆ," ಎಂದಳು. "ನಿಮ್ಮ ಕಷ್ಟ ಅವ್ರಿಗೆ ಅರ್ಥ ಆಗಿದ್ಯಂತೆ."

ಫೆರ್ಮಿನ್ ಕಣ್ಣು ಒದ್ದೆಯಾಯಿತು. "ಹನ್ನೊಂದು ವರ್ಷದಲ್ಲಿ ಯಾರೂ ಪೂರ್ತಿ ಕೇಳಿರ್ಲಿಲ್ಲ ತಾಯಿ."

ಅವರು ಹೋಗುವಷ್ಟರಲ್ಲಿ ಐದನೇ ಮಹಡಿಯವರು ಪಾರಿವಾಳಗಳ ದೂರು ತಂದರು. ಆಮೇಲೆ ಲಿಫ್ಟು ಪ್ರತಿ ಮಹಡಿಯಲ್ಲೂ ಅರ್ಧ ಅಡಿ ಮೇಲೆಯೇ ನಿಲ್ಲುತ್ತದೆಂಬ ದೂರು. ಟ್ರಾಯಾನ್ ಕೋಟಿನ ತೋಳು ಮಡಚಿ ಲಿಫ್ಟು ನೋಡಲು ಹೊರಟ. ಅವನು ಹೋದಲ್ಲೆಲ್ಲ ಭಾಷೆಗಾಗಿ ದೋಯ್ನಾ ಹೋಗಬೇಕಾಯಿತು. ಹನ್ನೆರಡು ಗಂಟೆಗೆ ಸಾಂದಾ ಹೊಸ ಬೂಟಿನ ಲೇಸು ಬಿಗಿದು ಎದ್ದಳು.

"ನಾನು ಇಷ್ಟು ದೂರ ಮೆಟ್ಟಿಲು ನೋಡೋಕೆ ಬಂದಿಲ್ಲ. ಆ ಪಟ್ಟಿ ಕೊಡೇ ಇಲ್ಲಿ."

"ದಾರಿ ತಪ್ಪಿದ್ರೆ?"

"ತಪ್ಪಿದ್ರೆ ಊರು ಇನ್ನೊಂಚೂರು ಜಾಸ್ತಿ ನೋಡ್ದಂಗಾಯ್ತು."

ಹೊರಗೆ ಸಿಯೆರ್ಸೊ ಎಂದು ಕರೆಯುವ ಆ ಊರಿನ ಚಳಿಗಾಳಿ ಮನುಷ್ಯರನ್ನು ಓರೆಯಾಗಿ ನಡೆಸುತ್ತಿತ್ತು. ಸಾಂದಾ ಟೊಪ್ಪಿ ಅದುಮಿ ಹಿಡಿದು, ಗಾಳಿಗೆ ತಲೆ ತಗ್ಗಿಸಿ ಹೋದದ್ದನ್ನು ದೋಯ್ನಾ ಕಿಟಕಿಯಿಂದ ನೋಡಿದಳು. ತಾನು ಒಂಬತ್ತು ವರ್ಷದಿಂದ ಕಾದಿದ್ದ ಗೆಳತಿ ಅವಳು.

ಬುಧವಾರ ಹೊತ್ತಿಗೆ ದೋಯ್ನಾಗೆ ಈ ಕೆಲಸದ ರುಚಿ ಹತ್ತಿತು. ಟ್ರಾಯಾನ್ ಏನು ಹೇಳಿದರೂ ಯಾರಿಗೂ ತಿಳಿಯುವುದಿಲ್ಲ. ಅವಳು ಏನು ಹೇಳಿದರೂ ಅಧ್ಯಕ್ಷರ ಮಾತಾಗುತ್ತದೆ. ಮೊದಮೊದಲು ಅಂಜಿಕೆಯಿತ್ತು. ಲಿಫ್ಟಿನ ಮುಂದೆ ಟ್ರಾಯಾನ್, "ನಮ್ಮ ನಿಲ್ದಾಣದಲ್ಲಿ ಜಗಳ ಆಡೋರನ್ನ ಒಂದೇ ಎಂಜಿನ್ ಮೇಲೆ ಹತ್ತಿಸಿ ಕಳಿಸ್ತಿದ್ವಿ," ಎಂದು ಹಳೆಯ ಕತೆ ಹೇಳಿದಾಗ ಅವಳು, "ಲಿಫ್ಟ್ ರಿಪೇರಿಯೋನ್ನ ಕರ್ಕೊಂಡು ಬರೋಕೆ ಎರಡನೇ ಮಹಡಿಯೋರು, ನಾಲ್ಕನೇ ಮಹಡಿಯೋರು ಜೊತೇಲೇ ಹೋಗ್ಬೇಕಂತೆ," ಎಂದಳು. ಫೆರ್ಮಿನ್, ಒರ್ತೆನ್ಸಿಯಾ ಇಬ್ಬರೂ ಕೆಂಪಗಾದರು. ಆದರೆ ಹೋದರು.

ಮಧ್ಯಾಹ್ನ ಐದನೇ ಮಹಡಿಯವರು ಪಾರಿವಾಳದ ನೆಪದಲ್ಲಿ ಮತ್ತೆ ಬಂದು, "ಏ ರುಮೇನಿಯಾದ ಹುಡುಗಿ, ನಿಮ್ಮ ಅಧ್ಯಕ್ಷರನ್ನ ಕೇಳು," ಎಂದರು.

ದೋಯ್ನಾ ಟ್ರಾಯಾನ್ ಕಡೆ ತಿರುಗಿ, "ಹಸಿವಾಗಿದ್ಯಾ?" ಎಂದು ಕೇಳಿದಳು.

"ಹೂಂ, ಸ್ವಲ್ಪ."

"ಅಧ್ಯಕ್ಷರು ಹೇಳ್ತಾರೆ," ಎಂದಳು ಸ್ಪ್ಯಾನಿಷಿನಲ್ಲಿ, "ಈಕೆ ಹೆಸರು ದೋಯ್ನಾ. ಇನ್ಮೇಲೆ ಹೆಸರಿಟ್ಟು ಕರೀರಿ, ಅಂತ."

ಐದನೇ ಮಹಡಿಯವರು ಟ್ರಾಯಾನ್ ಮುಖ ನೋಡಿದರು. ಹಸಿದ ಮುಖ ಬಹಳ ಕಠಿಣವಾಗಿ ಕಾಣುತ್ತಿತ್ತು. "ಕ್ಷಮಿಸಿ," ಎಂದರು ಅವರು ಅಧ್ಯಕ್ಷರಿಗೆ. ಆಮೇಲೆ, "ಕ್ಷಮಿಸಿ ದೋಯ್ನಾ." ಸಂಜೆಯೊಳಗೆ ಸುದ್ದಿ ಆರೂ ಮಹಡಿ ಹತ್ತಿಳಿಯಿತು. ತರಕಾರಿ ತರಲು ಕೆಳಗಿಳಿದವಳಿಗೆ ಮೂರು ಕಡೆಯಿಂದ "ನಮಸ್ಕಾರ ದೋಯ್ನಾ" ಬಂತು. ಅವಳು ಗಾಬರಿಯಿಂದ ಈರುಳ್ಳಿ ಮರೆತು ಬಂದಳು.

ಸಾಂದಾ ದಿನಾ ಸಂಜೆ ಕೆನ್ನೆ ಕೆಂಪಗೆ ಮಾಡಿಕೊಂಡು ಮರಳುತ್ತಿದ್ದಳು. ಅರಮನೆಯ ಛಾವಣಿಯ ಚಿನ್ನದ ಕೆತ್ತನೆ, ನದಿಯ ಆಚೆ ದಂಡೆಯಿಂದ ಕಾಣುವ ಗೋಪುರಗಳ ಸಾಲು, ಬಸವನಹುಳು ತಿನ್ನಿಸಿದ ಒಬ್ಬ ಮೀಸೆಯವನು, ಎಲ್ಲದರ ವರದಿ ಒಪ್ಪಿಸುತ್ತಿದ್ದಳು. ದೋಯ್ನಾ ಮುದುಕಮ್ಮನ ಕಾಲು ಒತ್ತುತ್ತ ಕೇಳುತ್ತಿದ್ದಳು.

"ನಿಂಗೆ ಇದೆಲ್ಲ ಗೊತ್ತೇ ಇರುತ್ತೆ ಬಿಡೇ," ಎನ್ನುತ್ತಿದ್ದಳು ಸಾಂದಾ.

"ಹೂಂ," ಎನ್ನುತ್ತಿದ್ದಳು ದೋಯ್ನಾ.

ಗುರುವಾರ ಬಿಸಿಲುಮರೆಯ ತೀರ್ಮಾನಕ್ಕೆ ಎಲ್ಲರೂ ತಾರಸಿಯಲ್ಲಿ ಸೇರಿದರು. ಗಾಳಿಗೆ ಹಸಿರು ತುಂಡು ಒಬ್ಬರ ಮುಖಕ್ಕೆ, ಇಟ್ಟಿಗೆ ಬಣ್ಣದ ತುಂಡು ಇನ್ನೊಬ್ಬರ ಮುಖಕ್ಕೆ ಬಡಿಯುತ್ತಿತ್ತು. ದೋಯ್ನಾ ರಾತ್ರಿಯೆಲ್ಲ ಯೋಚಿಸಿ ಅಧ್ಯಕ್ಷರ ತೀರ್ಪನ್ನು ಬಾಯಿಪಾಠ ಮಾಡಿಕೊಂಡಿದ್ದಳು: ಒಂದು ಮಹಡಿಗೆ ಅದು, ಒಂದಕ್ಕೆ ಇದು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಟ್ರಾಯಾನ್ ಹಸಿರು ತುಂಡನ್ನು ಕೈಗೆ ತೆಗೆದುಕೊಂಡು ತೋಳು ನೀಡಿ ಹಿಡಿದ, ಸಿಗ್ನಲ್ ತೋರಿಸುವವನ ಹಾಗೆ.

"ಹಸಿರು ಅಂದ್ರೆ ನಿಲ್ಬೇಡ, ಹೋಗು ಅಂತ ಅರ್ಥ," ಎಂದ. "ಇದನ್ನ ಮನೆ ಮುಂದೆ ಯಾರಾದ್ರೂ ಹಾಕ್ತಾರಾ? ಬರೋರೂ ಬರಲ್ಲ."

ಅವಳು ಬಾಯಿಪಾಠ ಮಾಡಿದ್ದು ಇದರ ಮುಂದೆ ಸಪ್ಪೆ ಎನಿಸಿತು. ಆ ವಾರದಲ್ಲಿ ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ದೋನ್ ಫೆರ್ಮಿನ್ ಕೆಳಗೆ ಬಾಗಿ ತಮ್ಮ ಕಿಟಕಿಯ ಕದಗಳನ್ನು ನೋಡಿದರು. ಮೂವತ್ತು ವರ್ಷದ ಹಿಂದೆ ತಾವೇ ಬಳಿದ ಕಡುಹಸಿರು.

"ಓಹೋ, ಅದಕ್ಕೇನಾ," ಎಂದರು ಸಣ್ಣ ದನಿಯಲ್ಲಿ. "ನಮ್ಮನೆಗೆ ಯಾರೂ ಬರದೇ ಇರೋದು ಅದಕ್ಕೇನಾ."

ಯಾರೂ ನಗಲಿಲ್ಲ. ಒರ್ತೆನ್ಸಿಯಾ ಮೂಗು ಒರೆಸಿಕೊಂಡು, "ನಾನು ಬರ್ತಿದ್ದೆ ಫೆರ್ಮಿನ್. ನೀವು ಕರೀಲೇ ಇಲ್ಲ," ಎಂದರು. ಇಟ್ಟಿಗೆ ಬಣ್ಣಕ್ಕೆ ಹದಿಮೂರು ಕೈಗಳೂ ಎದ್ದವು. ಟ್ರಾಯಾನ್ ಪ್ಲಮ್ ಸಾರಾಯಿಯ ಬಾಟಲಿ ತರಿಸಿದ.

ಶುಕ್ರವಾರ ಬೆಳಿಗ್ಗೆ ಸಾಂದಾ ದೋಯ್ನಾಳ ಕೋಟು ತಂದು ಅವಳ ಹೆಗಲ ಮೇಲೆ ಎಸೆದಳು. "ಏಳು. ಮುದುಕಮ್ಮನ್ನ ಅಧ್ಯಕ್ಷರು ನೋಡ್ಕೋತಾರೆ. ಇಬ್ರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯಲ್ಲ, ಜಗಳಾನೇ ಇಲ್ಲ. ನೀನು ನನ್ಜೊತೆ ಬಾ. ನಿಂಗೇನೂ ಗೊತ್ತಿಲ್ಲ ಅಂತ ಮಂಗಳವಾರಾನೇ ಗೊತ್ತಾಯ್ತು ನಂಗೆ."

"ಹೆಂಗೆ?"

"ಅರಮನೆ ನದಿ ಪಕ್ಕ ಇದೆ ಅಂತ ಬರ್ದಿದ್ಯಲ್ಲೇ ಪಟ್ಟೀಲಿ! ಸೇತುವೆ ಹತ್ರ ಇಳ್ದು ಎಷ್ಟು ನಡೆದೆ ಗೊತ್ತಾ ನಾನು?"

ಸಾಂದಾ ಮುಂದೆ, ದೋಯ್ನಾ ಹಿಂದೆ. ಗೋಪುರ ಹತ್ತಿದರು. ಗಾಳಿಗೆ ಕಣ್ಣಲ್ಲಿ ನೀರು ಸುರಿಯಿತು. ಕೆಂಚು ಹೆಂಚುಗಳ ಊರು ಕಾಲಡಿಯಲ್ಲಿ ಹರಡಿತ್ತು. ಒಂಬತ್ತು ವರ್ಷ ತಾನು ಓಡಾಡಿದ ಔಷಧಿ ಅಂಗಡಿ, ಸಂತೆಮಾಳಿಗೆ, ಆಸ್ಪತ್ರೆಯ ದಾರಿಯನ್ನು ದೋಯ್ನಾ ಹುಡುಕಿದಳು. ಅದು ಅಂಗೈಯಷ್ಟು ಅಗಲವೂ ಇರಲಿಲ್ಲ. ಇಳಿದು ಇಗರ್ಜಿಯೊಳಗೆ ಹೋದಾಗ ಸಾಂದಾ ಅವಳನ್ನು ನೇರವಾಗಿ ಒಂದು ಕಂಬದ ಬಳಿಗೆ ಎಳೆದೊಯ್ದು, ಮೇಲೆ ಬೆರಳು ತೋರಿದಳು. ಕಬ್ಬಿಣದ ಸೋರೆಕಾಯಿಯಂಥ ಎರಡು ದಪ್ಪ ವಸ್ತುಗಳು ಕಂಬಕ್ಕೆ ತೂಗುತ್ತಿದ್ದವು.

"ಏನು ಹೇಳು ನೋಡೋಣ?"

"ಧೂಪದ ಪಾತ್ರೆ ಅಲ್ವಾ? ನಾವು ಕೂರೋದು ಇಲ್ಲೇ. ಅವನ್ನ ಯಾವತ್ತೂ ಹಚ್ಚೋದೇ ಇಲ್ಲ."

"ಬಾಂಬ್ ಕಣೇ! ಯುದ್ಧದ ಕಾಲ್ದಲ್ಲಿ ಮೇಲಿಂದ ಬಿದ್ದಿದ್ದು, ಸಿಡೀಲಿಲ್ಲ. ಒಂಬತ್ತು ವರ್ಷ ಬಾಂಬಿನ ಕೆಳಗೆ ಮುದುಕಿನ ಇಟ್ಕೊಂಡು ಕೂತಿದ್ಯಲ್ಲೇ, ಪುಣ್ಯಾತ್ಗಿತ್ತಿ!"

ದೋಯ್ನಾಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಹೊಲಿಗೆ ಕಾರ್ಖಾನೆಯಲ್ಲಿ ಮೇಲ್ವಿಚಾರಕನ ಬೆನ್ನ ಹಿಂದೆ ನಗುತ್ತಿದ್ದರಲ್ಲ, ಹಾಗೆ ಇಬ್ಬರೂ ಬೆಂಚಿಗೆ ಹಣೆ ಊರಿ ನಕ್ಕರು. ಮುಂದಿನ ಸಾಲಿನ ಹೆಂಗಸೊಬ್ಬಳು ಇವರು ಅಳುತ್ತಿದ್ದಾರೆಂದು ತಿಳಿದು ಇವರಿಗಾಗಿ ಒಂದು ಮೇಣದ ಬತ್ತಿ ಹಚ್ಚಿದಳು.

ಶನಿವಾರ ಕಟ್ಟಡವೆಲ್ಲ ಹಜಾರದಲ್ಲಿ ನಿಂತು ಅಧ್ಯಕ್ಷರನ್ನು ಬೀಳ್ಕೊಟ್ಟಿತು. ರಾಜೀನಾಮೆ ಕೊಡುತ್ತೇನೆಂದು ಟ್ರಾಯಾನ್ ನಿಜವಾಗಿಯೂ ಹೇಳಿದ. ದೋಯ್ನಾ ಅದನ್ನು, "ಹೋಗ್ಬರ್ತೀನಿ, ಫೋನಿನಲ್ಲಿ ಸಿಗ್ತೀನಿ ಅಂತಿದಾರೆ," ಎಂದು ಅನುವಾದಿಸಿದಳು. ಆ ವರ್ಷವಿಡೀ ಕಟ್ಟಡದ ಆಡಳಿತ ಹಾಗೇ ನಡೆಯಿತು. ಯಾರಾದರೂ ಏನಾದರೂ ಕೇಳಿದರೆ ಅವಳು ಮೂರನೇ ಮಹಡಿಗೆ ಹೋಗಿ, ಒಂದು ಲೋಟ ಕಾಫಿ ಕುಡಿದು, ಇಳಿದು ಬಂದು ಉತ್ತರ ಹೇಳುತ್ತಿದ್ದಳು. ಒಮ್ಮೊಮ್ಮೆ ಫೋನನ್ನೂ ಮಾಡುತ್ತಿದ್ದಳು.

ಬೇಸಿಗೆಯಲ್ಲಿ ಬ್ರಾಯ್ಲಾದಿಂದ ಟ್ರಾಯಾನನೇ ಫೋನು ಮಾಡಿದ. ನಿಲ್ದಾಣದ ಹಳೆಯ ಗೆಳೆಯರು ತಾನು ಸ್ಪೇನಿನಲ್ಲಿ ಅಧ್ಯಕ್ಷನೆಂಬುದನ್ನು ನಂಬುತ್ತಿಲ್ಲ, ಒಂದು ಕಾಗದ ಕಳಿಸಲಾದೀತೇ, ಮೊಹರು ಇದ್ದರೆ ಒಳ್ಳೆಯದು, ಎಂದ. ದೋಯ್ನಾ ಸ್ಪ್ಯಾನಿಷಿನಲ್ಲಿ ಕಾಗದ ಬರೆದಳು, ವಕೀಲ ಮೊಹರು ಒತ್ತಿದ, ಹದಿಮೂರು ಜನ ಸಹಿ ಹಾಕಿದರು. ಫೆರ್ಮಿನ್ ಮತ್ತು ಒರ್ತೆನ್ಸಿಯಾ ಒಂದೇ ಪೆನ್ನಿನಲ್ಲಿ.

ಅದು ಈಗ ಸಾಂದಾಳ ಅಡಿಗೆಮನೆಯಲ್ಲಿ, ಒಲೆಯ ಮೇಲೆ, ಗಾಜಿನ ಚೌಕಟ್ಟಿನೊಳಗಿದೆ. ಉಗಿ ತಾಗಿ ಮೊಹರು ಹಬ್ಬಿದೆ. ಬಂದವರಿಗೆಲ್ಲ ಟ್ರಾಯಾನ್ ಅದನ್ನು ಓದಿ ಹೇಳುತ್ತಾನೆ. ಅವನಿಗೆ ಇನ್ನೂ ಸ್ಪ್ಯಾನಿಷ್ ಬರುವುದಿಲ್ಲ.