ನೀಲಿ ಗೆರೆ

ಬಟ್ಟೆ ಹೊಲಿಯುವ ನನಗೆ ಈಚೆಗೆ ಕತ್ತರಿ ಇಟ್ಟ ಕಡೆ ಸಿಗುತ್ತಿರಲಿಲ್ಲ. ‘ನಿನ್ನ ತಲೆ ಕೆಟ್ಟಿದೆ ಕಣೇ, ಒಬ್ಳೇ ಎಲ್ಲೂ ಹೋಗ್ಬೇಡ’ ಎನ್ನುತ್ತಿದ್ದ ಗಂಡ. ನಾನೂ ನಂಬಿ, ಹುಚ್ಚು ಹಿಡಿಯುತ್ತಿದೆಯೆಂದು ಹೆದರಿ ಸಾಯುತ್ತಿದ್ದೆ.

ಇವತ್ತು ಸ್ನಾನಕ್ಕೆ ಹೋಗುವ ಮೊದಲು ಕತ್ತರಿಯನ್ನು ಮೇಜಿನ ಮೇಲಿಟ್ಟು, ಬಟ್ಟೆಗೆ ಗುರುತು ಹಾಕುವ ಹಾಗೆ, ಸುತ್ತಲೂ ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಬಂದು ನೋಡಿದರೆ ಕತ್ತರಿಯೂ ಇಲ್ಲ, ಗೆರೆಯೂ ಇಲ್ಲ. ಗೆರೆ ಎಳೆದದ್ದೂ ಭ್ರಮೆಯೇ? ಮೇಜಿನ ಕೆಳಗೆಲ್ಲ ಹುಡುಕಿದೆ.

‘ಮತ್ತೆ ಕಳ್ಕೊಂಡ್ಯಾ?’ ಎಂದು ಪ್ರೀತಿಯಿಂದ ನನ್ನ ತಲೆ ಸವರಿದ ಪುಣ್ಯಾತ್ಮ. ಅವನ ಬಿಳಿ ಅಂಗಿಯ ತೋಳಿನ ತುದಿ ನೀಲಿಯಾಗಿತ್ತು.

ಈಗ ಹೆದರಿಕೆ ಬೇರೆಯೇ ಆಯಿತು. ‘ಹೂಂ ರೀ, ಕಳ್ಕೊಂಡೆ’ ಎಂದು ನಕ್ಕೆ. ಅವನು ಬಚ್ಚಲಿಗೆ ಹೋದೊಡನೆ ಅಕ್ಕನಿಗೆ ಫೋನ್ ಮಾಡಿ ಪಿಸುಗುಟ್ಟಿದೆ:

‘ಅಕ್ಕಾ, ನನ್ನ ತಲೆ ನೆಟ್ಟಗಿದೆ. ಬೇಗ ಬಂದು ಕರ್ಕೊಂಡು ಹೋಗು.’