ಮೂಗರ್ಜಿಯ ಪಡಿಯಚ್ಚು

"ನನ್ನ ರೂಮಿನ ಬೀಗದ ಕೈ ಇರೋದು ಇಬ್ರ ಹತ್ರ. ನಾನು, ನೀನು. ಯಾರಿಗೆ ಬಾಗ್ಲು ತೆಗ್ದೆ, ಹೇಳ್ಬುಡು," ಎಂದು ಕಾರ್ಯದರ್ಶಿ ನಂಜುಂಡಸ್ವಾಮಿ ಶನಿವಾರವೂ ಅದೇ ಪ್ರಶ್ನೆ ಕೇಳಿದರು. ಅಟೆಂಡರ್ ಕುಳ್ಳಯ್ಯ ಗುರುವಾರದಿಂದ ಇದನ್ನೇ ಕೇಳಿಸಿಕೊಂಡು ಕೈಕಟ್ಟಿ ನಿಲ್ಲುತ್ತಿದ್ದ.

ಹುಣಸೂರಿನ ಆ ರೈತರ ಸಂಘದಲ್ಲಿ ಸದಸ್ಯರ ಪಾಲಿನ ಗೊಬ್ಬರ ಕಾರ್ಯದರ್ಶಿಗಳ ಭಾವಮೈದನ ಅಂಗಡಿ ಸೇರುತ್ತಿದೆ ಎಂದು ಹಿಂದಿನ ತಿಂಗಳು ಯಾರೋ ಮೇಲಿನವರಿಗೆ ಮೂಗರ್ಜಿ ಹಾಕಿದ್ದರು. ಹೆಸರಿಲ್ಲ, ಸಹಿಯಿಲ್ಲ. ಅರ್ಜಿಯ ನಕಲಿನೊಂದಿಗೆ ವಿಚಾರಣೆ ಮಾತ್ರ ಬಂತು. ಅದರ ಬಿಸಿ ಆರುವ ಮೊದಲೇ, ಈ ಸೋಮವಾರ, ಕಚೇರಿಗೆ ಎಂಟು ಹೊಸ ಕಂಪ್ಯೂಟರ್ ಬಂದವು. ಗುರುವಾರ ನಂಜುಂಡಸ್ವಾಮಿ ತಮ್ಮ ಕಂಪ್ಯೂಟರಿನಲ್ಲಿ ಅಳಿಸಿದ ಫೈಲುಗಳು ಹೋಗಿ ಬೀಳುವ ಬುಟ್ಟಿಯನ್ನು ತೆರೆದರೆ ಅಕ್ಷರಕ್ಕೆ ಅಕ್ಷರ ಅದೇ ಅರ್ಜಿ ಅಲ್ಲಿ ಕೂತಿದೆ! ತಮ್ಮ ಕುರ್ಚಿಯಲ್ಲೇ ಕೂತು ಯಾರೋ ಎರಡನೆಯ ಅರ್ಜಿಗೆ ತಯಾರಿ ನಡೆಸಿದ್ದಾರೆ ಎಂದು ಅವರು ತೀರ್ಮಾನಿಸಿಬಿಟ್ಟರು. ಅನುಮಾನ ಹೊಕ್ಕ ತಲೆಗೆ ಬೇರೆ ಏನು ಹೊಳೆದೀತು!

ಅಂದಿನಿಂದ ಕಚೇರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗುಮಾಸ್ತ ಬೆಟ್ಟಸ್ವಾಮಿ ತನ್ನ ಪರದೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಇಬ್ಬರು ಮಾತಾಡುತ್ತಿದ್ದರೆ ಮೂರನೆಯವರು ಕೆಮ್ಮಿ ಒಳಗೆ ಬರುತ್ತಿದ್ದರು. ಕುಳ್ಳಯ್ಯನ ಪರ ಮಾತಾಡಿದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾದೀತು ಎಂದು ಯಾರೂ ಬಾಯಿ ಬಿಡಲಿಲ್ಲ.

ಅರ್ಜಿ ಬರೆದವಳು ಪ್ರಮೀಳಾ. ಏಳು ವರ್ಷದಿಂದ ಗುತ್ತಿಗೆ ಮೇಲೆ ಟೈಪು ಮಾಡುತ್ತಿದ್ದಳು. ಖಾಯಂ ಆಗುವವರ ಪಟ್ಟಿಯಲ್ಲಿ ಈ ಸಲ ಅವಳ ಹೆಸರಿತ್ತು. ಊಟದ ಹೊತ್ತಿನಲ್ಲಿ ತನ್ನ ಹಳೆಯ ಕಂಪ್ಯೂಟರಿನಲ್ಲಿ ಬರೆದು, ಪ್ರಿಂಟು ತೆಗೆದು, ಅಳಿಸಿದ್ದಳು. ಬುಟ್ಟಿ ಖಾಲಿ ಮಾಡಿರಲಿಲ್ಲ. ಸೋಮವಾರ ಮೈಸೂರಿನಿಂದ ಬಂದ ಮೆಕ್ಯಾನಿಕ್ ತೇಜಸ್, ಎಂಟಕ್ಕೂ ಬೇರೆ ಬೇರೆಯಾಗಿ ಎಲ್ಲ ತುಂಬುತ್ತಾ ಕೂತರೆ ವಾರ ಹಿಡಿಯುತ್ತದೆ, ಕನ್ನಡ ಅಕ್ಷರ, ಪ್ರಿಂಟರು, ಸಂಘದ ಲೆಕ್ಕ ಎಲ್ಲ ಸರಿಯಿರುವ ಹಳೆಯದೊಂದನ್ನು ಕೊಡಿ, ಅದರ ಪಡಿಯಚ್ಚನ್ನೇ ಎಲ್ಲಕ್ಕೂ ಹಾಕುತ್ತೇನೆ ಅಂದಿದ್ದ. ಪ್ರಮೀಳಾ ಹೆಮ್ಮೆಯಿಂದ ತನ್ನದನ್ನೇ ತೋರಿಸಿದ್ದಳು. ಅದರ ಬುಟ್ಟಿಯಲ್ಲಿದ್ದದ್ದೂ ಎಂಟು ಹೊಸ ಕಂಪ್ಯೂಟರಿಗೂ ಹೋಗಿತ್ತು.

ಕುಳ್ಳಯ್ಯನನ್ನು ಮೊದಲ ಸಲ ಒಳಗೆ ಕರೆದಾಗಲೇ ಅವಳಿಗೆ ಎಲ್ಲ ಅರ್ಥವಾಗಿತ್ತು. ತನಗೆ ಬಂದ ಹೊಸದರ ಬುಟ್ಟಿಯನ್ನು ಕೂಡಲೇ ಖಾಲಿ ಮಾಡಿದಳು. ಮಾತು ಮಾತ್ರ ಆಡಲಿಲ್ಲ. ತನ್ನೂರು ಕಟ್ಟೆಮಳಲವಾಡಿಯಿಂದ ಬರುವಾಗ ಅವಳಿಗೆಂದು ಸೊಪ್ಪು ತರುತ್ತಿದ್ದ ಮನುಷ್ಯ ಅವನು. ಎರಡು ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ.

ಇವತ್ತು ಸಂಜೆಯೊಳಗೆ ಹೆಸರು ಹೇಳದಿದ್ದರೆ ಸೋಮವಾರದಿಂದ ಬರಬೇಡ ಎಂದು ನಂಜುಂಡಸ್ವಾಮಿ ಎಲ್ಲರ ಎದುರಿಗೇ ಅಂದರು.

"ಯಾರ್ ಎಸ್ರು ಏಳ್ಲಿ ಸಾ," ಅಂದ ಕುಳ್ಳಯ್ಯ. "ಸುಳ್ಳೇಳಿ ಯಾರ್ ಮನೆ ಆಳ್ ಮಾಡ್ಲಿ?"

ಪ್ರಮೀಳಾ ಎದ್ದು ನಿಂತಳು. "ಎಲ್ರದ್ದೂ ತೆಗ್ದು ನೋಡಿ ಸಾರ್. ಎಲ್ಲದ್ರಲ್ಲೂ ಅದೇ ಅರ್ಜಿ ಇರುತ್ತೆ. ನಂದೊಂದ್ರಲ್ಲಿ ಇರಲ್ಲ. ನಾನೇ ಅಳಿಸ್ದೆ."

ಬೆಟ್ಟಸ್ವಾಮಿ ಗೋಡೆಯ ಕಡೆ ಬಗ್ಗಿ ತನ್ನದನ್ನು ತೆರೆದ. ಇತ್ತು. ಪಕ್ಕದ್ದರಲ್ಲೂ ಇತ್ತು. ಏಳರಲ್ಲೂ ಸಿಕ್ಕಿದ ಮೇಲೆ ನಂಜುಂಡಸ್ವಾಮಿ ಅವಳ ಪರದೆಯ ಮುಂದೆ ಬಂದು ಖಾಲಿ ಬುಟ್ಟಿಯನ್ನು ನೋಡಿದರು. ಬ್ಯಾಗು ತೆಗೆದುಕೊಂಡು ಹೊರಡಮ್ಮ, ಪಟ್ಟಿಯಲ್ಲಿ ಹೆಸರು ಉಳಿಯುತ್ತದೆಂದು ಕನಸು ಕಾಣಬೇಡ ಎಂದು ಹೇಳಿ ಒಳಗೆ ಹೋದರು.

ಅವಳು ಊಟದ ಡಬ್ಬಿ ಬ್ಯಾಗಿಗೆ ಹಾಕುತ್ತಿರುವಾಗ ಕುಳ್ಳಯ್ಯ ಹತ್ತಿರ ಬಂದ.

"ಯಾವತ್ತ್ ಅಳಿಸ್ದೆ ಕಣವ್ವ?"

ಪ್ರಮೀಳಾ ತಲೆ ಎತ್ತಲಿಲ್ಲ. "ಗುರ್ವಾರ," ಅಂದಳು.

"ಅಂಗಾರೆ ನನ್ನ ಒಳಿಕ್ ಕರ್ದ ದಿನ್ವೇ ನಿಂಗ್ ಗೊತ್ತಿತ್ತು," ಅಂದ ಕುಳ್ಳಯ್ಯ. ಆಮೇಲೆ ಹೊರಗೆ ಹೋಗಿ, ಅವಳು ಇಳಿದು ಹೋಗಬೇಕಾದ ಮೆಟ್ಟಿಲಿನ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತ.