ನಾಲ್ಕು ಚಳಿಗಾಲದ ಸೊನ್ನೆ

ಕಿಂಗ್ಲೆಟ್ ಹೆಬ್ಬೆರಳಿಗಿಂತ ತುಸು ದೊಡ್ಡ ಹಕ್ಕಿ. ಸ್ಪ್ರೂಸ್ ಮರದ ತುದಿಯಲ್ಲಿರುವ ಅದನ್ನು ಕಣ್ಣಿಗಿಂತ ಕಿವಿಯಿಂದಲೇ ಎಣಿಸಬೇಕು. ಅಮೆರಿಕದ ವರ್ಮಾಂಟಿನಲ್ಲಿ ಊರವರೆಲ್ಲ ಹಂಚಿಕೊಂಡು ಹಕ್ಕಿ ಎಣಿಸುವಾಗ ಈ ಕಾಡಿನ ತುಂಡು ಬಹಳ ವರ್ಷಗಳಿಂದ ನಮ್ಮ ಪಾಲಿನದು. ಪ್ರತಿ ಡಿಸೆಂಬರಿನ ಎಣಿಕೆಯ ದಿನ ನನ್ನ ಹೆಂಡತಿ ಲೆನೋರ್ ಕೇಳಿಸಿಕೊಂಡು ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಅವಳು ತೀರಿಕೊಂಡಳು. ಆ ಡಿಸೆಂಬರಿನಲ್ಲಿ ಕಿಂಗ್ಲೆಟ್ ಒಂದೂ ಇಲ್ಲ. ಮರುವರ್ಷವೂ ಇಲ್ಲ. ನಾಲ್ಕು ಚಳಿಗಾಲ ಸೊನ್ನೆ ಬರೆದೆ. ಅವಳ ಹಿಂದೆಯೇ ಹೊರಟುಹೋದವು ಎಂದುಕೊಂಡೆ. ಹುಚ್ಚು ಎನ್ನಿ, ಅದರಲ್ಲಿ ನನಗೊಂದು ಸಮಾಧಾನವಿತ್ತು.

ಈ ಸಲ ಎಣಿಕೆಯ ಉಸ್ತುವಾರಿ ನೋಡುವ ವೆಂಡೆಲ್ ನನ್ನ ಜೊತೆಗೆ ಊರಿನ ಹಲ್ಲಿನ ಡಾಕ್ಟರಾದ ಡೆಲ್ಫೀನಳನ್ನು ಹಾಕಿದ. ನನಗೆ ಕಾವಲೇ? ಮೈಯೆಲ್ಲ ಉರಿಯಿತು.

"ನಿಧಾನ ನಡಿ ಮಾರಾಯ್ತಿ. ಹಕ್ಕಿ ಎಣಿಸೋಕೆ ಬಂದಿದ್ದೀಯೋ, ಓಡಿಸೋಕೋ?" ಎಂದು ಗದರಿದೆ.

"ನಿಮ್ಮ ಬೂಟಿನ ಸದ್ದಿಗೇ ಅರ್ಧ ಕಾಡು ಖಾಲಿ ಆಯ್ತು, ಆರಿನ್," ಎಂದು ನಕ್ಕಳು.

ಹಳ್ಳದ ದಂಡೆಯ ಸ್ಪ್ರೂಸ್‌ಗಳ ಕೆಳಗೆ ಅವಳು ತಟ್ಟನೆ ನಿಂತಳು. "ಕಿಂಗ್ಲೆಟ್! ಮೂರು... ಅಲ್ಲ, ಏಳಿವೆ."

"ಎಲ್ಲಿ?"

"ನಿಮ್ಮ ತಲೆ ಮೇಲೇ. ಇಷ್ಟೊಂದು ಕೂಗ್ತಿವೆಯಲ್ಲ, ಕೇಳಿಸ್ತಿಲ್ವಾ?"

"ತಮಾಷೆ ಸಾಕು."

ಅವಳು ನಗಲಿಲ್ಲ. ದುರ್ಬೀನು ಎತ್ತಿದೆ. ಕೊಂಬೆಯ ತುದಿಯಲ್ಲಿ ಹಳದಿ ನೆತ್ತಿಯ ಪುಟ್ಟ ಹಕ್ಕಿ. ಕೊಕ್ಕು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಸದ್ದೇ ಇಲ್ಲ. ಪಕ್ಕದಲ್ಲಿ ಇನ್ನೊಂದು, ಅದೂ ಹಾಗೆಯೇ. ಖಾಲಿಯೆಂದು ನಾನು ನಡೆದ ಕಾಡು ನಾಲ್ಕು ವರ್ಷವೂ ನನ್ನ ತಲೆಯ ಮೇಲೆ ಕೂಗುತ್ತಲೇ ಇತ್ತು. ನನಗೆ ಭಯವಾಯಿತು.

"ವಯಸ್ಸಾಗ್ತಾ ಸಣ್ಣ ದನಿಗಳೇ ಮೊದಲು ಹೋಗೋದು," ಎಂದಳು ಡೆಲ್ಫೀನ್ ಮೆಲ್ಲಗೆ. "ಗೊತ್ತೇ ಆಗಲ್ಲ."

ನನಗೆ ಗೊತ್ತಾಗುವುದು ಹೇಗೆ? ಕೇಳಿಸಿಕೊಳ್ಳುವ ಕೆಲಸ ಲೆನೋರಳದಾಗಿತ್ತು.

ಸಂಜೆ ಚರ್ಚಿನ ಹಾಲ್‌ನಲ್ಲಿ ಎಲ್ಲರೂ ಚಿಲಿ ಎನ್ನುವ ಖಾರದ ಕಾಳಿನ ಸಾರು ತಿನ್ನುತ್ತಿರುವಾಗ ವೆಂಡೆಲ್ ಪಟ್ಟಿ ಓದತೊಡಗಿದ. ಕಿಂಗ್ಲೆಟ್ ಹೆಸರು ಬಂದಾಗ ಎದ್ದು ನಿಂತೆ.

"ಏಳು. ನನ್ನ ಹಳೇ ನಾಲ್ಕು ಸೊನ್ನೇನೂ ಹೊಡೆದುಹಾಕು ವೆಂಡೆಲ್. ಹಕ್ಕಿ ಇದ್ವು. ನನ್ನ ಕಿವಿ ಇರ್ಲಿಲ್ಲ."

"ಅಯ್ಯೋ, ಹೋಗ್ಲಿ ಬಿಡೋ. ತಿದ್ದಿದ್ರಾಯ್ತು," ಎಂದ.

ಯಾರೋ ಬೆನ್ನು ತಟ್ಟಿದರು. ಬಟ್ಟಲು ಅಲ್ಲೇ ಬಿಟ್ಟು ಮನೆಗೆ ಹೊರಟೆ.

ಲೆನೋರ್ ತೀರಿಹೋದ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಅವಳ ಕೋಣೆಯ ಬಾಗಿಲು ತೆರೆದೇ ಇತ್ತು. ಕೊನೆಕೊನೆಗೆ ಅವಳ ದನಿ ನೂಲಿನೆಳೆಯಷ್ಟಾಗಿತ್ತು. ಅವಳು ಒಮ್ಮೆಯೂ ಕರೆಯಲಿಲ್ಲ ಎಂದು ಮಕ್ಕಳಿಗೆ ಹೇಳಿದ್ದೇನೆ, ಪಾದ್ರಿಗೆ ಹೇಳಿದ್ದೇನೆ, ಕೇಳಿದವರಿಗೆಲ್ಲ ಹೇಳಿದ್ದೇನೆ.